ಉರುವಲು ಯಾವುದು, ಯಂತ್ರ ಯಾವುದು?

ಹೆಚ್ಚು ತಿಂದರೆ ತೂಕ ಏರುತ್ತದೆ, ಕಡಿಮೆ ತಿಂದರೆ ಇಳಿಯುತ್ತದೆ. ಇದು ಶಕ್ತಿ ಸಂರಕ್ಷಣ ನಿಯಮದ ನೇರ ಫಲ, ಇದರಲ್ಲಿ ತಕರಾರಿಲ್ಲ. ಆದರೆ ತೂಕದ ಯಂತ್ರದ ಮುಳ್ಳು ಐದು ಕಿಲೊಗ್ರಾಂ ಹಿಂದೆ ಸರಿದಾಗ, ದೇಹದಿಂದ ಹೋದದ್ದು ಕೊಬ್ಬೊ ಸ್ನಾಯುವೊ ಎಂಬುದನ್ನು ಆ ಮುಳ್ಳು ಹೇಳುವುದಿಲ್ಲ. ಕೊಬ್ಬು ದೇಹದ ಉರುವಲು, ಸ್ನಾಯು ಆ ಉರುವಲಿನಿಂದ ನಡೆಯುವ ಯಂತ್ರ. ಉರುವಲನ್ನು ಮಾತ್ರ ಖರ್ಚು ಮಾಡಿ ಯಂತ್ರವನ್ನು ಉಳಿಸಿಕೊಳ್ಳುವುದು, ಸಾಧ್ಯವಾದರೆ ಬೆಳೆಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ವಿಜ್ಞಾನಕ್ಕೆ ಒಂದೂವರೆ ಶತಮಾನ ಬೇಕಾಯಿತು. ಆ ಕಥೆಯನ್ನು ತಿಳಿದರೆ ನಿಮ್ಮ ಊಟ ಮತ್ತು ವ್ಯಾಯಾಮಗಳ ಲೆಕ್ಕವೂ ಸುಲಭವಾದೀತು.

ಲೀಬಿಗ್‌ನ ವಾದ

1842ರಲ್ಲಿ ಜರ್ಮನಿಯ ಹೆಸರಾಂತ ರಸಾಯನವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್ ಒಂದು ವಾದ ಮುಂದಿಟ್ಟ. ಸ್ನಾಯು ಕೆಲಸ ಮಾಡುವಾಗ ತನ್ನದೇ ಪ್ರೋಟೀನನ್ನು ಸವೆಸಿ ಶಕ್ತಿ ಪಡೆಯುತ್ತದೆ. ಆದ್ದರಿಂದ ದುಡಿಯುವವನಿಗೆ ಮುಖ್ಯವಾಗಿ ಬೇಕಾದದ್ದು ಮಾಂಸದಂಥ ಪ್ರೋಟೀನ್ ಆಹಾರ ಎಂಬುದು ಅದರ ಸಾರ. ಅಂದರೆ ಅವನ ದೃಷ್ಟಿಯಲ್ಲಿ ಯಂತ್ರವೇ ಉರುವಲು. ಲೀಬಿಗ್‌ನ ಕೀರ್ತಿ ದೊಡ್ಡದು. ಹಾಗಾಗಿ ಈ ವಾದ ಎರಡು ದಶಕಗಳಿಗೂ ಹೆಚ್ಚು ಕಾಲ ಬಲವಾಗಿ ನಿಂತಿತ್ತು.

ಬೆಟ್ಟದ ಮೇಲಿನ ಪ್ರಯೋಗ

ಇದನ್ನು ಪರೀಕ್ಷಿಸಿದವರು ಸ್ವಿಟ್ಸರ್ಲೆಂಡಿನ ಜೂರಿಕ್‌ನಲ್ಲಿದ್ದ ಅಡಾಲ್ಫ್ ಫಿಕ್ ಮತ್ತು ಯೊಹಾನಸ್ ವಿಸ್ಲಿಸೇನುಸ್. ವಿಸರಣೆಯ ನಿಯಮದ ಮೂಲಕ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನಾದ ಫಿಕ್ ಇವನೇ. 1865ರ ಆಗಸ್ಟ್ 30ರಂದು ಇಬ್ಬರೂ ಆಲ್ಪ್ಸ್‌ನ ಫೌಲ್‌ಹಾರ್ನ್ ಬೆಟ್ಟವನ್ನು ಹತ್ತಿದರು. ಏರಿದ ಎತ್ತರ 1956 ಮೀಟರ್. ಹಿಂದಿನ ದಿನದ ಮಧ್ಯಾಹ್ನದಿಂದಲೇ ಅವರು ಪ್ರೋಟೀನ್ ಇರುವ ಆಹಾರವನ್ನು ಬಿಟ್ಟಿದ್ದರು. ತಿಂದದ್ದು ಪಿಷ್ಟವನ್ನು ಕೊಬ್ಬಿನಲ್ಲಿ ಕರಿದ ಬಿಲ್ಲೆಗಳು, ಜೊತೆಗೆ ಸಕ್ಕರೆ. ಹತ್ತುವಾಗಲೂ ಹತ್ತಿದ ಮೇಲೆ ಆರು ಗಂಟೆಗಳ ಕಾಲವೂ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ನೈಟ್ರೊಜನ್‌ಅನ್ನು ಅಳೆದರು. ದೇಹದಲ್ಲಿ ಪ್ರೋಟೀನ್ ಸವೆದರೆ ಅದರ ನೈಟ್ರೊಜನ್ ಬಹುಪಾಲು ಯೂರಿಯವಾಗಿ ಮೂತ್ರದಲ್ಲಿ ಹೊರಬರಬೇಕು. ಲೆಕ್ಕ ಹಾಕಿದಾಗ ಒಬ್ಬೊಬ್ಬನಲ್ಲೂ ಸವೆದ ಪ್ರೋಟೀನ್ ಸುಮಾರು 37 ಗ್ರಾಂ ಮಾತ್ರ.

ಈಗ ನೀವೇ ಲೆಕ್ಕ ಮಾಡಿ ನೋಡಿ. ಫಿಕ್‌ನ ತೂಕ 66 ಕಿಲೊಗ್ರಾಂ. ಅವನನ್ನು 1956 ಮೀಟರ್ ಮೇಲಕ್ಕೆ ಒಯ್ಯಲು ಬೇಕಾದ ಕೆಲಸ 66 × 9.8 × 1956, ಅಂದರೆ ಸುಮಾರು 12.65 ಲಕ್ಷ ಜೂಲ್. ಇದು 300 ಕಿಲೊಕ್ಯಾಲೊರಿಗೆ ಸಮ. 37 ಗ್ರಾಂ ಪ್ರೋಟೀನಿನಿಂದ ದೇಹಕ್ಕೆ ಸಿಗುವುದು ಗ್ರಾಮಿಗೆ 4ರಂತೆ ಸುಮಾರು 150 ಕಿಲೊಕ್ಯಾಲೊರಿ. ಕೆಲಸದ ಅರ್ಧಕ್ಕೂ ಸಾಲದು! ಸ್ನಾಯುವಿನ ದಕ್ಷತೆ ಹೆಚ್ಚೆಂದರೆ ಕಾಲು ಭಾಗವೆಂದು ಇಂದು ನಮಗೆ ಗೊತ್ತು. ಆ ಪ್ರಕಾರ ಫಿಕ್‌ಗೆ ಬೇಕಾಗಿದ್ದದ್ದು 1200 ಕಿಲೊಕ್ಯಾಲೊರಿಗಿಂತ ಹೆಚ್ಚು. ಮರುವರ್ಷ, 1866ರಲ್ಲಿ, ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲೆಂಡ್ ಸ್ನಾಯು, ಯೂರಿಯ ಮತ್ತು ಹಲವು ಆಹಾರಗಳ ದಹನೋಷ್ಣವನ್ನು ಅಳೆದು ಈ ತೀರ್ಮಾನವನ್ನು ಭದ್ರಗೊಳಿಸಿದ. ಬೆಟ್ಟ ಹತ್ತಿಸಿದ ಉರುವಲು ಮುಖ್ಯವಾಗಿ ಪಿಷ್ಟ ಮತ್ತು ಕೊಬ್ಬು. ಲೀಬಿಗ್‌ನ ವಾದ ಬಿದ್ದಿತು.

ದೇಹದ ಜಮಾಖರ್ಚು

ಮುಂದಿನ ಹೆಜ್ಜೆ ಇಡೀ ದೇಹದ ಶಕ್ತಿಯ ಲೆಕ್ಕ. 1894ರಲ್ಲಿ ಜರ್ಮನಿಯ ಮ್ಯಾಕ್ಸ್ ರೂಬ್ನರ್ ನಾಯಿಯನ್ನು ಕ್ಯಾಲೊರಿಮಾಪಕದೊಳಗೆ ಇರಿಸಿ, ಆಹಾರದಿಂದ ಒದಗಿದ ಶಕ್ತಿಗೂ ದೇಹ ಬಿಟ್ಟುಕೊಟ್ಟ ಉಷ್ಣಕ್ಕೂ ಶೇಕಡ 1ಕ್ಕಿಂತ ಕಡಿಮೆ ವ್ಯತ್ಯಾಸವಿರುವುದನ್ನು ತೋರಿಸಿದ. ಅದೇ ದಶಕದಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಅಟ್‌ವಾಟರ್, ಭೌತವಿಜ್ಞಾನಿ ಎಡ್ವರ್ಡ್ ರೋಸಾ ಜೊತೆಗೂಡಿ ಮನುಷ್ಯನೇ ದಿನಗಟ್ಟಲೆ ಇರಬಹುದಾದ ಕ್ಯಾಲೊರಿಮಾಪಕವನ್ನು ಕಟ್ಟಿದ. ಪ್ರೋಟೀನ್ ಮತ್ತು ಕಾರ್ಬೊಹೈಡ್ರೇಟ್‌ಗೆ ಗ್ರಾಮಿಗೆ 4, ಕೊಬ್ಬಿಗೆ 9 ಕಿಲೊಕ್ಯಾಲೊರಿ ಎಂದು ನಾವು ಇಂದಿಗೂ ಬಳಸುವ ಅಂಕಿಗಳು ಅಟ್‌ವಾಟರ್‌ನ ಕೊಡುಗೆ.

ಹಾಗಾದರೆ ಶಕ್ತಿಯ ಲೆಕ್ಕ ಸರಿಹೊಂದಿದರೆ ಸಾಕೆ? ಸಾಲದು ಎಂಬುದಕ್ಕೆ ಕಠೋರ ಸಾಕ್ಷ್ಯ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಕ್ಕಿತು. ಯುದ್ಧದಿಂದ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 1944-45ರಲ್ಲಿ ಒಂದು ಪ್ರಯೋಗ ನಡೆಸಿದ. 36 ಮಂದಿ ಸ್ವಯಂಸೇವಕರು 24 ವಾರಗಳ ಕಾಲ ದಿನಕ್ಕೆ ಸುಮಾರು 1600 ಕಿಲೊಕ್ಯಾಲೊರಿ ಆಹಾರದಲ್ಲಿ ಇದ್ದು, ವಾರಕ್ಕೆ 35 ಕಿಲೊಮೀಟರ್ ನಡೆಯಬೇಕಿತ್ತು. ದೇಹತೂಕದ ಸುಮಾರು ಕಾಲು ಭಾಗ ಇಳಿಯಿತು. ಆದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗಿತು, ಬಲವೂ ಕುಗ್ಗಿತು. ಒಲೆಗೆ ಸೌದೆ ಸಾಲದಾದಾಗ ಮನೆಯ ತೊಲೆಯನ್ನೇ ಕಡಿದು ಹಾಕಿದ ಹಾಗೆ. ಬರೀ ಅರೆಹೊಟ್ಟೆ ಮತ್ತು ನಡಿಗೆಯಿಂದ ತೂಕ ಇಳಿಸಹೊರಟವರು ಇದನ್ನು ನೆನಪಿಡಬೇಕು.

ಭಾರ ಕೊಡುವ ಸೂಚನೆ

ತೊಲೆಯನ್ನು ಉಳಿಸುವ ದಾರಿ ಅದೇ ಯುದ್ಧದ ಇನ್ನೊಂದು ಮೂಲೆಯಲ್ಲಿ ಕಂಡಿತು. ಷಿಕಾಗೋದ ಸೇನಾ ಆಸ್ಪತ್ರೆಯೊಂದರಲ್ಲಿ ವೈದ್ಯ ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರ ಬತ್ತಿದ ಸ್ನಾಯುಗಳಿಗೆ ಭಾರ ಎತ್ತುವ ವ್ಯಾಯಾಮ ಕೊಟ್ಟ. ಬಲ ಬಂದಂತೆ ಭಾರವನ್ನೂ ಏರಿಸುತ್ತ ಹೋದ. ಫಲಿತಾಂಶವನ್ನು 1945ರಲ್ಲಿ ಪ್ರಕಟಿಸಿದ. ನಮ್ಮ ಗರಡಿಮನೆಗಳಲ್ಲಿ ಸಾಮು ಮಾಡುವವರಿಗೂ, ಊರ ಮುಂದಿನ ಗುಂಡುಕಲ್ಲು ಎತ್ತುವವರಿಗೂ ಇದು ಅನುಭವದಿಂದ ತಿಳಿದಿತ್ತು. ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಅಂಗಸಾಧನೆ ಕಲಿಸುತ್ತಿದ್ದುದನ್ನೂ ಇಲ್ಲಿ ನೆನೆಯಬಹುದು. ಡಿಲೋರ್ಮ್ ಮಾಡಿದ್ದು ಇಂಥ ಅನುಭವಕ್ಕೆ ಅಳತೆಯ ಶಿಸ್ತನ್ನು ತಂದದ್ದು.

ಭಾರ ಎತ್ತುವುದು ಕೊಬ್ಬನ್ನು ನೇರವಾಗಿ ‘ಸುಡುತ್ತದೆ’ ಎಂದುಕೊಳ್ಳಬೇಡಿ. ಬೆಂಚಿನ ಮೇಲೆ ಮಲಗಿ 40 ಕಿಲೊಗ್ರಾಂ ಭಾರವನ್ನು ಅರ್ಧ ಮೀಟರಿನಷ್ಟು 30 ಬಾರಿ ಎತ್ತಿದರೆ ಆಗುವ ಕೆಲಸ 5880 ಜೂಲ್, ಅಂದರೆ 1.4 ಕಿಲೊಕ್ಯಾಲೊರಿ. ದಕ್ಷತೆಯನ್ನು ಪರಿಗಣಿಸಿದರೂ ಆರೇಳು ಕಿಲೊಕ್ಯಾಲೊರಿ. ಒಂದು ಚಮಚ ಸಕ್ಕರೆಯಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ! ಭಾರದ ಮಹತ್ವ ಶಕ್ತಿಯ ಖರ್ಚಿನಲ್ಲಿಲ್ಲ. ‘ಈ ಯಂತ್ರ ಬಳಕೆಯಲ್ಲಿದೆ, ಕೆಡವಬೇಡ, ಕಟ್ಟು’ ಎಂದು ದೇಹಕ್ಕೆ ಕೊಡುವ ಸೂಚನೆಯಲ್ಲಿದೆ. ಆದರೆ ಕಟ್ಟಲು ಸಾಮಗ್ರಿ ಬೇಕು, ಅದೇ ಪ್ರೋಟೀನ್. ಹೀಗೆ ಉರುವಲಿನ ಸ್ಥಾನದಿಂದ ಇಳಿದ ಪ್ರೋಟೀನ್ ಇಟ್ಟಿಗೆಯ ಸ್ಥಾನವನ್ನು ಪಡೆಯಿತು.

ಎರಡೂ ಕೂಡಿದಾಗ

2016ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ ಇವೆರಡನ್ನೂ ಜೋಡಿಸಿತು. 40 ಮಂದಿ ಸ್ಥೂಲಕಾಯದ ಯುವಕರಿಗೆ ನಾಲ್ಕು ವಾರ ಬೇಕಾದುದಕ್ಕಿಂತ ಶೇಕಡ 40ರಷ್ಟು ಕಡಿಮೆ ಶಕ್ತಿಯ ಆಹಾರ, ಜೊತೆಗೆ ಭಾರ ಎತ್ತುವುದನ್ನೂ ಒಳಗೊಂಡ ಕಠಿಣ ವ್ಯಾಯಾಮ. ದೇಹತೂಕದ ಪ್ರತಿ ಕಿಲೊಗ್ರಾಮಿಗೆ ದಿನಕ್ಕೆ 1.2 ಗ್ರಾಂ ಪ್ರೋಟೀನ್ ತಿಂದವರಲ್ಲಿ ಕೊಬ್ಬು 3.5 ಕಿಲೊಗ್ರಾಂ ಇಳಿಯಿತು, ಕೊಬ್ಬುರಹಿತ ದೇಹಭಾಗ ಬಹುಮಟ್ಟಿಗೆ ಇದ್ದಷ್ಟೇ ಉಳಿಯಿತು. 2.4 ಗ್ರಾಂ ತಿಂದವರಲ್ಲಿ ಕೊಬ್ಬು 4.8 ಕಿಲೊಗ್ರಾಂ ಇಳಿದು, ಕೊಬ್ಬುರಹಿತ ಭಾಗ 1.2 ಕಿಲೊಗ್ರಾಂ ಹೆಚ್ಚಿತು. ಶಕ್ತಿ ಸಂರಕ್ಷಣ ನಿಯಮಕ್ಕೆ ಇಲ್ಲಿ ಭಂಗವೇನೂ ಇಲ್ಲ. ಕಟ್ಟುವ ಕೆಲಸಕ್ಕೆ ಬೇಕಾದ ಶಕ್ತಿ ದೇಹದ ಕೊಬ್ಬಿನ ದಾಸ್ತಾನಿನಿಂದ ಬಂದಿತು, ಅಷ್ಟೆ. ಇದು ತಜ್ಞರ ಕಣ್ಗಾವಲಿನಲ್ಲಿ ಯುವಕರು ಅಲ್ಪಾವಧಿಗೆ ಮಾಡಿದ ಪ್ರಯೋಗ. ಮನೆಯಲ್ಲಿ ಅಷ್ಟು ಕಟುವಾಗಿ ಅನುಸರಿಸಬೇಕಿಲ್ಲ.

ನಮ್ಮ ತಟ್ಟೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಶಿಫಾರಸು ಮಾಡಿದ ಪ್ರೋಟೀನ್ ಪ್ರತಿ ಕಿಲೊಗ್ರಾಂ ತೂಕಕ್ಕೆ 0.83 ಗ್ರಾಂ, 60 ಕಿಲೊಗ್ರಾಂ ತೂಗುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಪ್ರಯೋಜನಕಾರಿ. ನೂರು ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ. ಅಷ್ಟೇ ತೂಕದ ಹುರುಳಿ, ಹೆಸರು ಅಥವಾ ತೊಗರಿಯ ಒಣಕಾಳಿನಲ್ಲಿ 20 ಗ್ರಾಮಿಗೂ ಮಿಕ್ಕಿ. ಶಕ್ತಿಯಲ್ಲಿ ಮಾತ್ರ ಹೆಚ್ಚು ಅಂತರವಿಲ್ಲ. ಆದ್ದರಿಂದ ಊಟ ಕಡಿಮೆ ಮಾಡುವವರು ಮುದ್ದೆ, ಅನ್ನಗಳನ್ನು ತಗ್ಗಿಸಲಿ, ಕಾಳು, ಮೊಸರು, ಮೊಟ್ಟೆಗಳನ್ನು ತಗ್ಗಿಸದಿರಲಿ. ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು.

ತೂಕದ ಯಂತ್ರವೊಂದನ್ನೇ ನಂಬಬೇಡಿ. ಸೊಂಟದ ಸುತ್ತಳತೆಯನ್ನೂ, ನೀವು ಎತ್ತಬಲ್ಲ ಭಾರವನ್ನೂ ವಾರಕ್ಕೊಮ್ಮೆ ಬರೆದಿಡಿ. ಮೊದಲನೆಯದು ಇಳಿಯುತ್ತ ಎರಡನೆಯದು ಏರುತ್ತಿದ್ದರೆ, ಖರ್ಚಾಗುತ್ತಿರುವುದು ಬಹುಪಾಲು ಉರುವಲೇ ಎಂದು ತಿಳಿಯಿರಿ.