ದುರಂತದ ತರುವಾಯ ಪೊಲೀಸರ ಮನಸ್ಸು: ಆಮ್‌ಸ್ಟರ್‌ಡ್ಯಾಮಿನ ಅನುಭವ

ಸಮಾಜವು ತಾನು ನೋಡಲಾರದುದನ್ನು ನೋಡುವ ಹೊಣೆಯನ್ನು ಪೊಲೀಸರಿಗೆ ವಹಿಸಿದೆ. ಅಪಘಾತದ ಸ್ಥಳದಲ್ಲಿ ಶವವನ್ನು ಕಾಯುವವರೂ ಸಾವಿನ ಸುದ್ದಿಯನ್ನು ಮನೆಗೆ ಮುಟ್ಟಿಸುವವರೂ ಅವರೇ. ಈ ಕಾರ್ಯದಿಂದ ಅವರ ಮನಸ್ಸಿಗೆ ಉಂಟಾಗುವ ಗಾಯಕ್ಕೆ ಸೂಚಿತವಾದ ಪರಿಹಾರಗಳು ಪರೀಕ್ಷೆಯಲ್ಲಿ ಎಷ್ಟರ ಮಟ್ಟಿಗೆ ನಿಂತವೆಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ಪ್ರಾಮುಖ್ಯಕ್ಕೆ ಬಂದದ್ದು ಸೈನಿಕರ ಸಂಬಂಧದಲ್ಲಿ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವಿದ್ವಾಂಸನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ರಣರಂಗದಿಂದ ಮರಳಿದವರ ಮನೋವಿಕಾರವನ್ನು ‘ಷೆಲ್ ಷಾಕ್’ ಎಂಬ ಹೆಸರಿನಿಂದ ವರ್ಣಿಸಿದನು. ಅದು ರೋಗವೋ ಹೇಡಿತನವೋ ಎಂಬ ಸಂಶಯ ಮಾತ್ರ ಬಹುಕಾಲ ಉಳಿಯಿತು. ವಿಯಟ್ನಾಂ ಯುದ್ಧದ ತರುವಾಯ, 1980ರಲ್ಲಿ, ಅಮೆರಿಕದ ಮನೋವೈದ್ಯ ಸಂಘವು ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ‘ಆಘಾತೋತ್ತರ ಒತ್ತಡದ ವ್ಯಾಧಿ’ಗೆ ಸ್ಥಾನವಿತ್ತಿತು. ವ್ಯಾಧಿಯ ಮೂಲವನ್ನು ವ್ಯಕ್ತಿಯ ದೌರ್ಬಲ್ಯದಲ್ಲಿ ಹುಡುಕದೆ, ಅವನು ಅನುಭವಿಸಿದ ಘಟನೆಯಲ್ಲಿ ಹುಡುಕಬೇಕೆಂಬ ತತ್ತ್ವಕ್ಕೆ ಇದರಿಂದ ಮನ್ನಣೆ ದೊರೆಯಿತು.

ಅನಂತರ 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ತುರ್ತುಸೇವೆಯವರಿಗಾಗಿ ಒಂದು ಕ್ರಮವನ್ನು ಸೂಚಿಸಿದನು. ಘಟನೆ ನಡೆದ ಕೆಲವೇ ದಿನಗಳೊಳಗೆ ಸಿಬ್ಬಂದಿಯನ್ನು ಗುಂಪಾಗಿ ಕೂಡಿಸಿ, ಕಂಡದ್ದನ್ನೂ ಆಗ ಮನಸ್ಸಿಗೆ ಬಂದ ಭಾವನೆಗಳನ್ನೂ ಅವರಿಂದ ಹೇಳಿಸುವುದು ಇದರ ತಿರುಳು. ಕ್ರಮೇಣ ಇದು ಏಳು ಹಂತಗಳ ವಿಧಾನವಾಗಿ ಬೆಳೆದು, ಅಲ್ಪಕಾಲದಲ್ಲೇ ಅನೇಕ ದೇಶಗಳ ಪೊಲೀಸ್ ಇಲಾಖೆಗಳಿಗೆ ಹಬ್ಬಿತು. ಹೇಳಿಕೊಂಡರೆ ದುಃಖ ಹಗುರವಾಗುವುದೆಂಬ ಲೋಕರೂಢಿಯ ನಂಬಿಕೆ ಇದಕ್ಕೆ ಬೆಂಬಲವಾಗಿತ್ತು.

ಈ ನಂಬಿಕೆಯ ಪರೀಕ್ಷೆಗೆ ಸಂದರ್ಭ ಒದಗಿದುದು ನೆದರ್ಲೆಂಡ್ಸಿನಲ್ಲಿ. 1992ರ ಅಕ್ಟೋಬರ್ 4ರಂದು ಸರಕು ಸಾಗಿಸುವ ವಿಮಾನವೊಂದು ಆಮ್‌ಸ್ಟರ್‌ಡ್ಯಾಮಿನ ಬೈಲ್ಮರ್‌ಮೇರ್ ಬಡಾವಣೆಯ ವಸತಿಕಟ್ಟಡದ ಮೇಲೆ ಬಿದ್ದು 43 ಮಂದಿ ಮಡಿದರು. ಅಲ್ಲಿ ಕೆಲಸಮಾಡಿದ ಪೊಲೀಸರಲ್ಲಿ ಕೆಲವರಿಗೆ ಇಂಥ ಗುಂಪುಮಾತುಕತೆ ದೊರೆತಿತ್ತು, ಕೆಲವರಿಗೆ ದೊರೆತಿರಲಿಲ್ಲ. ಕಾರ್ಲಿಯರ್, ಗೆರ್ಸನ್ಸ್ ಮೊದಲಾದ ಸಂಶೋಧಕರು ಇವರನ್ನು ಹೋಲಿಸಿ 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹದಿನೆಂಟು ತಿಂಗಳ ತರುವಾಯವೂ ಮಾತುಕತೆಯಲ್ಲಿ ಭಾಗವಹಿಸಿದವರ ಸ್ಥಿತಿ ಉತ್ತಮವಾಗಿರಲಿಲ್ಲ. ಬೆಚ್ಚಿಬೀಳುವಿಕೆ, ಸದಾ ಎಚ್ಚರದ ಉದ್ವೇಗ ಮೊದಲಾದ ಲಕ್ಷಣಗಳು ಅವರಲ್ಲೇ ಹೆಚ್ಚಾಗಿದ್ದುವು. ಅನೇಕ ಪ್ರಯೋಗಗಳ ಪರಾಮರ್ಶೆಯ ತರುವಾಯ, ಒಂದೇ ಸಲದ ಇಂಥ ಮಾತುಕತೆಯನ್ನು ವಾಡಿಕೆಯಾಗಿ ನಡೆಸಕೂಡದೆಂದು 2005ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ ತಿಳಿಸಿತು. ಆ ಪ್ರಯೋಗಗಳಲ್ಲಿ ಹೆಚ್ಚಿನವು ಒಬ್ಬೊಬ್ಬ ಗಾಯಾಳುವನ್ನು ಕುರಿತವು, ತುರ್ತುಸೇವೆಯ ಗುಂಪುಗಳನ್ನು ಕುರಿತವಲ್ಲ ಎಂಬುದು ಮಿಚೆಲ್ ಪಕ್ಷದವರ ಆಕ್ಷೇಪ. ಇದು ನಿರಾಧಾರವಲ್ಲ. ಆದರೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಪರೀಕ್ಷಿತರಾದವರು ಪೊಲೀಸರೇ ಎಂಬುದನ್ನು ಮರೆಯಲಾಗದು.

ಹಾಗೆಂದು ಪೊಲೀಸರಿಗೆ ನೆರವೇ ಬೇಡವೆಂಬ ತೀರ್ಮಾನ ಸಲ್ಲದು. ಗೆರ್ಸನ್ಸ್ ಮತ್ತು ಸಂಗಡಿಗರು ವ್ಯಾಧಿಗೆ ತುತ್ತಾದ ಪೊಲೀಸರಿಗಾಗಿ ದೀರ್ಘವಾದ ಚಿಕಿತ್ಸೆಯೊಂದನ್ನೂ ರೂಪಿಸಿದ್ದರು. ಹದಿನಾರು ಭೇಟಿಗಳ ಈ ಕ್ರಮದಲ್ಲಿ ರೋಗಿಗೆ ವ್ಯಾಧಿಯ ಸ್ವರೂಪವನ್ನು ತಿಳಿಸಿಕೊಡುವುದು, ಘಟನೆಯನ್ನು ನಿಧಾನವಾಗಿ ಸ್ಮರಣೆಗೆ ತಂದುಕೊಳ್ಳುವಂತೆ ಮಾಡುವುದು, ಕೋಪವನ್ನು ಪತ್ರರೂಪದಲ್ಲಿ ಬರೆಯಿಸುವುದು, ಕೊನೆಗೆ ಒಂದು ಬೀಳ್ಕೊಡುಗೆಯ ವಿಧಿಯೊಡನೆ ಮುಗಿಸುವುದು ಇವೆಲ್ಲ ಸೇರಿವೆ. 42 ಪೊಲೀಸರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸರದಿಗಾಗಿ ಕಾದಿದ್ದವರಿಗಿಂತ ಚಿಕಿತ್ಸೆ ಪಡೆದವರು ಸ್ಪಷ್ಟವಾಗಿ ಚೇತರಿಸಿಕೊಂಡರು. ಕೆಲಸಕ್ಕೆ ಮರಳುವುದರಲ್ಲಿಯೂ ಮುಂದಿದ್ದರು.

ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿದಾಗ ಇತಿಹಾಸದ ಪಾಠ ವಿಶದವಾಗುತ್ತದೆ. ದುರಂತದ ಮರುದಿನ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸುವುದು ಇಲಾಖೆಗೆ ಸುಲಭ. ತಿಂಗಳುಗಳು ಕಳೆದ ಮೇಲೂ ನಿದ್ರೆ ಬಾರದ ಒಬ್ಬನನ್ನು ಗುರುತಿಸಿ, ಅವಮಾನಕ್ಕೆ ಎಡೆಗೊಡದೆ, ಯೋಗ್ಯ ಚಿಕಿತ್ಸಕನಲ್ಲಿಗೆ ಮುಟ್ಟಿಸುವುದು ಕಷ್ಟ. ಪೊಲೀಸರಿಗೆ ಸಲ್ಲಬೇಕಾದುದು ಈ ಎರಡನೆಯ ಸೇವೆ. ಸದುದ್ದೇಶವೊಂದೇ ಔಷಧವಾಗದು, ಅದೂ ಪರೀಕ್ಷೆಗೆ ಒಳಪಡತಕ್ಕದ್ದೇ.