ಹತ್ತು ಸೆಕೆಂಡ್ ಹಾರಾಟ, ಒಂದು ಹನಿ ಇಂಧನ

ಇವತ್ತಿನ ಕಂತು ಬರೀ 10 ಸೆಕೆಂಡ್‌ನ ಒಂದು ಹಾರಾಟದ ಬಗ್ಗೆ. ನೀವು ಇಯರ್‌ಫೋನ್ ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗುತ್ತೆ.

2008ರ ಜನವರಿ 31, ಅಮೆರಿಕದ ಮೊಹಾವಿ. ಲಾಂಗ್-ಈಝೀ ಅನ್ನೋ ಪುಟ್ಟ ವಿಮಾನ ಸಣ್ಣ ರಾಕೆಟ್‌ನ ಸಹಾಯದಿಂದ ನೆಲ ಬಿಟ್ಟಿತು. ಆಮೇಲೆ ಸುಮಾರು 100 ಅಡಿ ಎತ್ತರದಲ್ಲಿ, ಪಲ್ಸ್ ಡಿಟೊನೇಷನ್ ಎಂಜಿನ್‌ನ ಬಲದಿಂದಲೇ ಹಾರಿತು. ನಾಲ್ಕು ಕೊಳವೆ, ಸೆಕೆಂಡಿಗೆ 80 ಸ್ಫೋಟ. ಇಂಥ ಎಂಜಿನ್ ಪೈಲಟ್‌ನನ್ನು ಹೊತ್ತು ಹಾರಿದ್ದು ಅದೇ ಮೊದಲು.

ಡಿಟೊನೇಷನ್ ಅಂದ್ರೆ ಏನು? ಮಾಮೂಲಿ ಬೆಂಕಿ ಮೆಲ್ಲಗೆ ಹರಡುತ್ತೆ. ಇಲ್ಲಿ ಉರಿ ಆಘಾತ ತರಂಗದ ಬೆನ್ನಿಗೇ ಅಂಟಿಕೊಂಡು, ಸೆಕೆಂಡಿಗೆ ಸುಮಾರು 1,800 ಮೀಟರ್ ವೇಗದಲ್ಲಿ ನುಗ್ಗುತ್ತೆ. ಅದೇ ಇಂಧನದಿಂದ ಹೆಚ್ಚು ಕೆಲಸ ತೆಗೆಯಬಹುದು ಅನ್ನೋದೇ ಆಸೆ. ಫ್ರೆಂಚ್ ವಿಜ್ಞಾನಿಗಳು ಇದನ್ನು ಗುರುತಿಸಿದ್ದು 1881ರಲ್ಲಿ. ಹಾಗಾದರೆ ಹಾರಲು 127 ವರ್ಷ ಯಾಕೆ ಬೇಕಾಯ್ತು?

ಸ್ಫೋಟಿಸೋದೇ ಕಷ್ಟ ಇರಬೇಕು ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಧನದ ಹನಿ.

1957ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ನಿಕೋಲ್ಸ್ ತಂಡ ಪ್ರಯೋಗಕ್ಕೆ ಬಳಸಿದ್ದು ಹೈಡ್ರೋಜನ್. ಅದು ಅನಿಲ, ಗಾಳಿಯಲ್ಲಿ ಬೇಗ ಬೆರೆಯುತ್ತೆ, ಸುಲಭವಾಗಿ ಸಿಡಿಯುತ್ತೆ. ಆದರೆ ವಿಮಾನದ ಟ್ಯಾಂಕಿನಲ್ಲಿ ಇರೋದು ಸೀಮೆಎಣ್ಣೆಯ ಜಾತಿಯ ದ್ರವ. ದ್ರವ ಉರಿಯೋದಿಲ್ಲ ನೋಡಿ, ಉರಿಯೋದು ಅದರ ಆವಿ. ಕೊಳವೆಯೊಂದು ಸೆಕೆಂಡಿಗೆ 20 ಸಲ ಸಿಡಿಯಬೇಕು ಅಂದ್ರೆ, ತುಂಬೋದು, ಸಿಡಿಯೋದು, ಖಾಲಿಯಾಗೋದು ಎಲ್ಲಕ್ಕೂ ಸಿಗೋದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ. ಅಷ್ಟರಲ್ಲಿ ಹನಿ ಆವಿಯಾಗದಿದ್ದರೆ ತರಂಗ ಸೊರಗಿ, ಬರೀ ಬೆಂಕಿಯಾಗಿಬಿಡುತ್ತೆ.

2000ದ ದಶಕದಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರು ಹಿಡಿದ ಒಂದು ದಾರಿ ನಮ್ಮ ಕುಕ್ಕರ್‌ನದ್ದೇ. ಒತ್ತಡದಲ್ಲಿ ಕಾಯಿಸಿದರೆ ಇಂಧನ ಕುದಿಯದೆ ದ್ರವವಾಗಿಯೇ ಇರುತ್ತೆ. ಗಾಳಿಗೆ ಸಿಂಪಡಿಸಿದ ಕೂಡಲೇ ಒತ್ತಡ ಇಳಿದು, ಕ್ಷಣದಲ್ಲಿ ಆವಿ! ಕಾಯಿಸೋಕೆ ಬಿಸಿ ಎಲ್ಲಿಂದ? ಸಿಡಿದು ಸಿಡಿದು ಕಾದ ಕೊಳವೆಯ ಗೋಡೆಯಿಂದಲೇ.

ಆದರೆ ಹಾಗೆ ಕಾದ ಇಂಧನ ಮಸಿಗಟ್ಟಿ, ಸಿಂಪಡಿಸುವ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತೆ. ಅದರಲ್ಲಿ ಕರಗಿರೋ ಆಮ್ಲಜನಕದ್ದೇ ಇದರಲ್ಲಿ ದೊಡ್ಡ ಪಾಲು. ಅದಕ್ಕೇ ಮೊದಲು ಇಂಧನದೊಳಗೆ ಸಾರಜನಕದ ಗುಳ್ಳೆ ಹಾಯಿಸಿ ಆಮ್ಲಜನಕವನ್ನು ಹೊರಗಟ್ಟುತ್ತಾರೆ.

ಆ ವಿಮಾನ ಈಗ ಓಹಾಯೋದ ಡೇಟನ್‌ನಲ್ಲಿರೋ ವಾಯುಪಡೆಯ ಮ್ಯೂಸಿಯಂನಲ್ಲಿದೆ. ಅದರ ಫೋಟೋ ನೋಡಿದಾಗಲೆಲ್ಲ ನನಗೆ ಅನಿಸೋದು ಇಷ್ಟೇ: ಸದ್ದು ಮಾಡಿದ್ದು ಸ್ಫೋಟ, ಆದರೆ ಅದಕ್ಕೂ ಮೊದಲು ಹನಿಯನ್ನು ಹದಕ್ಕೆ ತರಬೇಕಿತ್ತು. ಮುಂದಿನ ಕಂತಿನಲ್ಲಿ ಸಿಗೋಣ.