ಇ-ತ್ಯಾಜ್ಯದ ಪ್ಲಾಸ್ಟಿಕ್ ಕಾಂಕ್ರೀಟ್‌ಗೆ ಸೇರಬಹುದೇ? ಎಣ್ಣೂರಿನ ಬೂದಿ ಕಲಿಸುವ ಪಾಠ

ಚೆನ್ನೈನ ಉತ್ತರ ಅಂಚಿನ ಎಣ್ಣೂರಿನಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿ ಕೊಸಸ್ತಲೈಯಾರ್ ನದಿ ಮತ್ತು ಅಳಿವೆಗೆ ಸೇರಿ ಮೀನುಗಾರರನ್ನು ಕಂಗೆಡಿಸಿದೆ. ಆದರೆ ಹಾರುಬೂದಿ ಸಿಮೆಂಟ್ ಮತ್ತು ಇಟ್ಟಿಗೆಗೆ ಒಳ್ಳೆಯ ಕಚ್ಚಾವಸ್ತುವೂ ಹೌದು. ಹಳೆಯ ಟಿವಿ, ಕಂಪ್ಯೂಟರ್‌ಗಳ ಪ್ಲಾಸ್ಟಿಕ್‌ಗೂ ಇಂಥ ದಾರಿ ಇದೆಯೇ?

ವಿಶ್ವಸಂಸ್ಥೆಯ ವರದಿ ಪ್ರಕಾರ, 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಸುಮಾರು 1.7 ಕೋಟಿ ಟನ್ ಪ್ಲಾಸ್ಟಿಕ್.

ಬಳಕೆ ಹೇಗೆ?
ಪ್ಲಾಸ್ಟಿಕನ್ನು ಚೂರು ಮಾಡಿ ಕಾಂಕ್ರೀಟ್‌ನ ಜಲ್ಲಿ ಅಥವಾ ಮರಳಿನ ಒಂದು ಪಾಲಿನ ಬದಲು ಬಳಸುತ್ತಾರೆ. ಇದರಿಂದ ಕಾಂಕ್ರೀಟ್ ಹಗುರವಾಗುತ್ತದೆ. ಆದರೆ ನುಣುಪಾದ ಪ್ಲಾಸ್ಟಿಕ್‌ಗೆ ಸಿಮೆಂಟ್ ಸರಿಯಾಗಿ ಅಂಟದು; ಪ್ರಮಾಣ ಹೆಚ್ಚಿದಂತೆ ಬಲ ಕುಗ್ಗುತ್ತದೆ. ಹಾಗಾಗಿ ಕಂಬ, ತೊಲೆಗಳಿಗಿಂತ ಪಾದಚಾರಿ ಮಾರ್ಗದ ಬ್ಲಾಕ್, ಭಾರ ಹೊರದ ಗೋಡೆಗಳಿಗೆ ಇದು ಸೂಕ್ತ.

ಅಪಾಯ ಏನು?
ಇ-ಪ್ಲಾಸ್ಟಿಕ್‌ನಲ್ಲಿ ಬೆಂಕಿ ತಡೆಯಲು ಬೆರೆಸಿದ ಬ್ರೋಮಿನ್ ಸಂಯುಕ್ತಗಳು, ಕೆಲವೊಮ್ಮೆ ಸೀಸ ಇರುತ್ತವೆ. ಬ್ರೋಮಿನ್ ಹೆಚ್ಚಿರುವ ಚೂರುಗಳು ಭಾರವಾದ್ದರಿಂದ ಸಾಂದ್ರತೆ ಹೊಂದಿಸಿದ ಉಪ್ಪುನೀರಿನಲ್ಲಿ ಮುಳುಗುತ್ತವೆ. ಅವನ್ನು ಹೀಗೆ ಬೇರ್ಪಡಿಸಬಹುದು. ಬೇರ್ಪಡಿಸದೆ ಬೆರೆಸಿದರೆ ವಿಷ ಗೋಡೆಯೊಳಗೆ ಅಡಗಿ, ಕಟ್ಟಡ ಕೆಡವಿದಾಗ ದೂಳಾಗಿ ಮತ್ತೆ ಹೊರಬರಬಹುದು.

ಎಣ್ಣೂರಿನ ಪಾಠವೂ ಇದೇ: ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂಬ ಲೆಕ್ಕ ತಪ್ಪಿದರೆ ಕಚ್ಚಾವಸ್ತುವೇ ಮಾಲಿನ್ಯವಾಗುತ್ತದೆ.